ಮೂವತ್ತೇಳು ತಗ್ಗುಗಳು

ಭಾನುವಾರ, 9 ನವೆಂಬರ್ 2025. ಬೆಳಿಗ್ಗೆ 6.40ಕ್ಕೆ ಬರೆಯಲು ಕುಳಿತೆ. ಬೀದರಿನ ನಮ್ಮ ಮನೆ, ಅಡುಗೆಮನೆಗೆ ತಾಗಿದ ಮೇಜು. ಇಂದು ನನಗೆ ಎರಡನೇ ಪಾಳಿ, ಮಧ್ಯಾಹ್ನ ಎರಡಕ್ಕೆ ಊರ ಪಕ್ಕದ ಕೊಳಾರದಲ್ಲಿರಬೇಕು. ಅಮ್ಮ ಎಂಟೂವರೆಗೆ ಚರ್ಚಿಗೆ ಹೊರಡುವುದರೊಳಗೆ ಇದನ್ನು ಒಂದು ಹಂತಕ್ಕೆ ತರಬೇಕೆಂದಿದ್ದೇನೆ.

ಈ ವರ್ಷದ ನನ್ನ ಡೈರಿಯಲ್ಲಿ ಕೆಂಪು ಶಾಯಿಯಿಂದ ತಿದ್ದಿದ ಲೆಕ್ಕಗಳು ನಾಲ್ಕು. ಮೂರು ಸಣ್ಣವು. ನಾಲ್ಕನೆಯದು ಸೆಪ್ಟೆಂಬರ್ 13ರದು. ಆ ದಿನ ಔರಾದಿನ ಒಬ್ಬ ಹುಡುಗಿಯ ವಿಷಯದಲ್ಲಿ "ತಪ್ಪು: 3" ಎಂದು ಬರೆದಿದ್ದೆ. ತಪ್ಪು ಅವಳದಾಗಿರಲಿಲ್ಲ, ನನ್ನದು. ಆ ತಪ್ಪಿನಿಂದ ಅವಳು ಹತ್ತನೇ ತರಗತಿಯಲ್ಲಿ ವಿಜ್ಞಾನ ಓದುವ ಅವಕಾಶವನ್ನೇ ಕಳೆದುಕೊಳ್ಳುವುದರಲ್ಲಿದ್ದಳು. ಹಾಗಾಗಲಿಲ್ಲ. ಯಾರಿಂದ ಹಾಗಾಗಲಿಲ್ಲವೋ ಅವರೆಲ್ಲರಿಗೆ ನಾನು ಋಣಿ. ಅದನ್ನು ದಿನಾಂಕ ಸಮೇತ ಬರೆದಿಡುತ್ತಿದ್ದೇನೆ.

ನಾನು ಕೊಳಾರದ ಒಂದು ಔಷಧಿ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಪೆಟ್ಟಿಗೆಗಳು ಎಷ್ಟು ತಂಪಾಗಿವೆ ಎಂದು ದಿನಕ್ಕೆ ಆರು ಸಲ ನೋಡಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ಇದಕ್ಕೆ ಕೈಯಲ್ಲಿ ಹಿಡಿಯುವ ಒಂದು ಗನ್ ಇದೆ. ಪೆಟ್ಟಿಗೆಯನ್ನು ಮುಟ್ಟಬೇಕಿಲ್ಲ, ಅದರತ್ತ ಹಿಡಿದು ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮುಟ್ಟದೆ ಇದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಮೇಲ್ವಿಚಾರಕರನ್ನು ಕೇಳಿದ್ದೆ. "ಅದು ಕಂಪನಿ ಮಾಲ್ ಅದ, ಬರೋಬರ್ ಇರ್ತದ" ಎಂದಿದ್ದರು. ಸಮಾಧಾನವಾಗದೆ ಓದತೊಡಗಿದೆ. ಎಲ್ಲ ವಸ್ತುಗಳೂ ತಮ್ಮ ಶಾಖಕ್ಕೆ ತಕ್ಕಂತೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತಿರುತ್ತವೆ, ಗನ್ ಅದನ್ನು ಹಿಡಿಯುತ್ತದೆ ಎಂದು ತಿಳಿಯಿತು. ಅದೇ ಪುಟದ ಕೆಳಗೆ, ಇದೇ ರೀತಿಯಲ್ಲಿ ಆಕಾಶದ ಶಾಖವನ್ನು ನೋಡುವ ದೂರದರ್ಶಕವೊಂದನ್ನು ಬಾಹ್ಯಾಕಾಶಕ್ಕೆ ಕಳಿಸಿದ್ದರೆಂಬ ಮಾತಿತ್ತು. ತನ್ನದೇ ಮೈಯ ಶಾಖ ತನಗೆ ಅಡ್ಡ ಬರಬಾರದೆಂದು ಅದನ್ನು ವಿಪರೀತ ತಂಪಾಗಿ ಇಟ್ಟಿದ್ದರಂತೆ. ತಂಪು ಕಾಯುವ ಕೆಲಸದ ನನಗೆ ಅದು ನಮ್ಮ ಪೈಕಿಯದೇ ಅನಿಸಿತು.

ಅಂದಿನಿಂದ ಆ ದೂರದರ್ಶಕದ ಬಗ್ಗೆ, ಅದರ ನಂತರ ಹೋದ ದೊಡ್ಡದರ ಬಗ್ಗೆ ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇಂದಿಗೆ 61 ಟಿಪ್ಪಣಿಗಳು: ಗ್ರಹಗಳ ಮೇಲೆ 24, ಧೂಮಕೇತುಗಳ ಮೇಲೆ 9, ನಕ್ಷತ್ರಗಳ ಮೇಲೆ 28.

ನನ್ನ ಅಕ್ಕ ಔರಾದಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಜುಲೈ ಕೊನೆಯಲ್ಲಿ ಫೋನ್ ಮಾಡಿದಳು.

"ನೀ ನಿನ್ನ ಆ ನೋಟ್‌ಬುಕ್ ತಗೊಂಡು ಒಂದ್ಸಲ ನಮ್ಮ ಸಾಲಿಗೆ ಬಾ. ಒಬ್ಬಾಕಿ ಹುಡುಗಿ ಇದ್ದಾಳ. ಕಣ್ಣ ಕಾಣಲ್ಲ, ಆದ್ರ ಪ್ರಶ್ನೆ ಕೇಳಿ ಕೇಳಿ ನನ್ನ ಜೀವ ತಿಂತಾಳ. ಸಾಲ್ಯಾಗ ಆಕಿಗಿ ಸೈನ್ಸ್ ಬಿಡಸ್ಬೇಕಂತ ನಡದದ."

ಕಣ್ಣು ಕಾಣದ ಮಕ್ಕಳು ಹತ್ತನೇ ಪರೀಕ್ಷೆಗೆ ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು. ಅದು ಅವರ ಅನುಕೂಲಕ್ಕೆಂದೇ ಇರುವ ಅವಕಾಶ. ಮುಖ್ಯೋಪಾಧ್ಯಾಯರು ಆ ದಾರಿ ಹಿಡಿಯೋಣ ಎನ್ನುತ್ತಿದ್ದರು. ಹುಡುಗಿಯ ತಂದೆಯೂ ಒಪ್ಪಿದ್ದರು. ಒಪ್ಪದಿದ್ದವರು ಇಬ್ಬರೇ, ಹುಡುಗಿ ಮತ್ತು ಅಕ್ಕ.

ಶನಿವಾರ ನನಗೆ ವಾರದ ರಜೆ. ಆಗಸ್ಟ್ 2, ಬೆಳಿಗ್ಗೆ 6.15ರ ಬಸ್ಸಿಗೆ ಹೊರಟು ಔರಾದಿನಲ್ಲಿ ಇಳಿದೆ. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಟ್ಟುಬಿಡುತ್ತದೆ. ಶಾಲೆಯ ಎದುರಿಗೇ ಹುಡುಗಿಯ ಅಜ್ಜಿಯ ಮನೆ. ಅಲ್ಲೇ ಇದ್ದು ಓದುತ್ತಾಳೆ. ತಂದೆ ಭಾಲ್ಕಿಯಲ್ಲಿ ಟೇಲರ್, ತಾಯಿಯೂ ಅಲ್ಲೇ. ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಸೋಮವಾರ ತಿರುಗಿ ಬರುತ್ತಾಳೆ.

ಅವಕೆಂಪು ಕಿರಣ ಅಂದರೇನು ಎಂದು ಹೇಳಲು ನಾನು ಅರ್ಧ ಗಂಟೆಯ ಮಾತು ಸಿದ್ಧ ಮಾಡಿಕೊಂಡಿದ್ದೆ. ಅಡುಗೆ ಕೋಣೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ, ಅಜ್ಜಿ ರೊಟ್ಟಿ ಬೇಯಿಸುತ್ತಿದ್ದ ಹಂಚಿನ ಕಡೆಗೆ ಅಂಗೈ ಚಾಚಲು ಹೇಳಿದೆ.

"ಏನರ ತಿಳೀತದೇನು?" ಎಂದೆ.

"ಹಂಚು ಬಿಸಿ ಅದ."

"ಮುಟ್ಟಿಲ್ಲಲ್ಲ, ಹ್ಯಾಂಗ ಗೊತ್ತಾಯ್ತು?"

ಅವಳು ನಕ್ಕಳು. ಅಕ್ಕಾ ಎನ್ನುವುದಕ್ಕೆ ಅವಳ ಮಾತು ಆಪಾ. "ಆಪಾ, ಇದೇನ್ ಹೊಸಾದ್ರಿ? ಸಂಜಿ ಆದ ಮ್ಯಾಲ ಯಾವ ಗ್ವಾಡಿಗಿ ಬಿಸಲು ಬಿದ್ದಿತ್ತು ಅನ್ನೋದು ನಾ ಓಣ್ಯಾಗ ನಡಕೋತ ಹೇಳ್ತೇನಿ. ಯಾವ ಬಸ್ಸು ಈಗ ಬಂದು ನಿಂತದ, ಯಾವುದು ಮುಂಜಾನಿಂದ ನಿಂತದ, ಅದೂ ಹೇಳ್ತೇನಿ. ನಿಮಗ ಬರಲ್ಲೇನು?"

ನನಗೆ ಬರುವುದಿಲ್ಲ. ಅರ್ಧ ಗಂಟೆಯ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಉಳಿದ ಸಮಯವೆಲ್ಲ ಟಿಪ್ಪಣಿಗಳಿಗೆ ಸಿಕ್ಕಿತು. ಶನಿಗ್ರಹದ ಸುತ್ತ ನಮಗೆಲ್ಲ ಗೊತ್ತಿರುವ ಬಳೆಗಳಿಂದ ಎಷ್ಟೋ ದೂರದಲ್ಲಿ ಇನ್ನೊಂದು ಭಾರಿ ಬಳೆಯಿದೆ, ಅದರ ಧೂಳು ಎಷ್ಟು ತೆಳುವೆಂದರೆ ಕಣ್ಣಿಗೆ ಸಿಗದು, ಅದರ ಅಲ್ಪ ಶಾಖ ಹಿಡಿದೇ ಈ ದೂರದರ್ಶಕ ಅದನ್ನು ಕಂಡುಹಿಡಿಯಿತು ಎಂದೆ. ದಟ್ಟ ಧೂಳಿನ ಮೋಡದೊಳಗೆ ಹುಟ್ಟುತ್ತಿರುವ ನಕ್ಷತ್ರಗಳನ್ನೂ ಹಾಗೆಯೇ ನೋಡಿದರೆಂದೆ. ಬೆಳಕನ್ನು ತಡೆಯುವ ಧೂಳು ಶಾಖದ ಕಿರಣಗಳನ್ನು ಅಷ್ಟಾಗಿ ತಡೆಯದು. ಒಂದು ಧೂಮಕೇತುವಿಗೆ ಬೇಕೆಂದೇ ಡಿಕ್ಕಿ ಹೊಡೆಸಿ, ಎದ್ದ ಧೂಳನ್ನು ಇದರಿಂದ ನೋಡಿದಾಗ ಅದರಲ್ಲಿ ಜೇಡಿಮಣ್ಣಿನಂಥದ್ದು ಇರುವುದು ಕಂಡಿತು ಎಂದೆ.

"ಜೇಡಿಮಣ್ಣು?" ಅಜ್ಜಿ ರೊಟ್ಟಿ ತಿರುವುತ್ತ ಒಳಗಿನಿಂದಲೇ ಕೇಳಿದರು. "ಮ್ಯಾಲ ಗಡಗಿ ಮಾಡೋರು ಯಾರರ ಇದ್ದಾರೇನ್ ಹಂಗಾದ್ರ?"

ಆದರೆ ಹುಡುಗಿ ಹಿಡಿದುಕೊಂಡದ್ದು ಗ್ರಹಗಳ ಟಿಪ್ಪಣಿಯನ್ನು. ಕುಂಭ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು ನಲವತ್ತು ಜ್ಯೋತಿರ್ವರ್ಷ ದೂರ, ಒಂದು ಸಣ್ಣ, ಮಂದ, ಕೆಂಪು ನಕ್ಷತ್ರವಿದೆ. ಆ ದೂರದರ್ಶಕ ಅದನ್ನು ಸುಮಾರು ಇಪ್ಪತ್ತು ದಿನ ಎಡೆಬಿಡದೆ ಎಂಬಂತೆ ನೋಡಿತು. ಗ್ರಹ ಅಡ್ಡ ಬಂದಾಗಲೆಲ್ಲ ನಕ್ಷತ್ರದ ಹೊಳಪು ಒಂದಿಷ್ಟು ತಗ್ಗುತ್ತದೆ. ಆ ತಗ್ಗುಗಳನ್ನು ಎಣಿಸಿ, ಯಾವುದು ಎಷ್ಟು ದಿನಕ್ಕೊಮ್ಮೆ ಮರಳಿ ಬರುತ್ತದೆಂದು ನೋಡಿ, ಭೂಮಿಯಷ್ಟೇ ದೊಡ್ಡವೆನ್ನಬಹುದಾದ ಏಳು ಗ್ರಹಗಳಿವೆ ಎಂದು ಹೇಳಿದರು. ಒಂದು ಗ್ರಹವನ್ನೂ ಚಿತ್ರವಾಗಿ ಯಾರೂ ನೋಡಲಿಲ್ಲ.

"ಯಾರೂ ನೋಡಿಲ್ಲ?"

"ಯಾರೂ ಇಲ್ಲ. ಬರೇ ಅಂಕಿ."

"ಅಂಕಿ ನನಗ ಕೊಡ್ರಿ ಆಪಾ," ಎಂದಳು. "ನಾನೂ ಎಣಸ್ತೇನಿ."

ಮುಖ್ಯೋಪಾಧ್ಯಾಯರು ಅಕ್ಕನಿಗೆ ಹೇಳಿದ ಮಾತು ಇಷ್ಟು: "ಮೇಡಮ್, ಆಕಿ ಹುಷಾರ್ ಇದ್ದಾಳ, ಇಲ್ಲನ್ನಲ್ಲ. ಆದ್ರ ಸೈನ್ಸ್ ಅಂದ್ರ ಚಿತ್ರ, ನಕ್ಷೆ, ಗ್ರಾಫ್. ಒಂದು ಗ್ರಾಫ್ ತಾನೇ ಓದಿ ತೋರಸ್ಲಿ, ನಾ ಸುಮ್ಮನಿರ್ತೇನಿ. ಫೇಲ್ ಆದ್ರ ನಾಳಿ ಆಕಿ ಅಪ್ಪಗ ಉತ್ತರ ಕೊಡೋದು ನಾನೇ." ಸೆಪ್ಟೆಂಬರ್ 16, ಮಂಗಳವಾರ, ವಿಷಯಗಳ ಅರ್ಜಿ ಮೇಲಿನ ಕಚೇರಿಗೆ ಹೋಗಬೇಕಿತ್ತು. ಅಷ್ಟರೊಳಗೆ ಒಂದು ಗ್ರಾಫ್ ಬೇಕಾಗಿತ್ತು, ಬೆರಳಿನಿಂದ ಓದುವಂಥದ್ದು.

ಅದನ್ನು ನಾನು ಜೋಳದ ಕಾಳಿನಲ್ಲಿ ಮಾಡಿದೆ. ಒಂದು ದಿನಕ್ಕೆ ಒಂದರಂತೆ ಇಪ್ಪತ್ತು ರಟ್ಟಿನ ಪಟ್ಟಿಗಳು. ಪ್ರತಿ ಪಟ್ಟಿಯಲ್ಲಿ ತಾಸಿಗೊಂದರಂತೆ ಇಪ್ಪತ್ನಾಲ್ಕು ಸಾಲು. ನಕ್ಷತ್ರ ಪೂರ್ತಿ ಹೊಳೆಯುತ್ತಿದ್ದರೆ ಒಂದರ ಮೇಲೊಂದು ಮೂರು ಕಾಳು, ಗ್ರಹ ಅಡ್ಡ ಬಂದ ತಾಸಿಗೆ ಎರಡೇ ಕಾಳು. ಇದು ದೂರದರ್ಶಕದ ಅಸಲು ದಾಖಲೆಯಲ್ಲ. ಗ್ರಹಗಳು ಎಷ್ಟೆಷ್ಟು ದಿನಕ್ಕೆ ಸುತ್ತುತ್ತವೆ ಎಂದು ಓದಿ, ಆ ಲೆಕ್ಕದ ಮೇಲೆ ನಾನೇ ಕೂಡಿಸಿದ ಮಾದರಿ. ನಿಜವಾದ ತಗ್ಗು ನೂರಕ್ಕೆ ಒಂದು ಪಾಲಿನಷ್ಟೂ ಇರುವುದಿಲ್ಲ, ನನ್ನದರಲ್ಲಿ ಮೂರಕ್ಕೊಂದು. ಹುಡುಗಿಗೆ ಇದನ್ನು ಮೊದಲೇ ಹೇಳಿದ್ದೆ.

ತೀರ ಹತ್ತಿರದ ಗ್ರಹ ಒಂದೂವರೆ ದಿನಕ್ಕೊಮ್ಮೆ ಬರುತ್ತದೆ, ತೀರ ದೂರದ್ದು ಹತ್ತೊಂಬತ್ತು ದಿನಕ್ಕೆ. ನನ್ನ ಇಪ್ಪತ್ತು ಪಟ್ಟಿಗಳಲ್ಲಿ ಕ್ರಮವಾಗಿ 13, 8, 5, 3, 2, 2, 1, ಒಟ್ಟು 34 ತಗ್ಗುಗಳು. ಕಾಳುಗಳು 1,406. ಮೈದಾ ಹಿಟ್ಟು ಕುದಿಸಿ, ನಾವು ಸರಿ ಎನ್ನುವ ಅಂಟು ಮಾಡಿ ಅಂಟಿಸಿದೆ. ಒಂಬತ್ತು ಸಂಜೆ ಹಿಡಿಯಿತು. ಸೆಪ್ಟೆಂಬರ್ 7, ಭಾನುವಾರ, ಎಲ್ಲ ಎಣಿಸಿ, ಯಾವ ಪಟ್ಟಿಯ ಯಾವ ತಾಸಿಗೆ ತಗ್ಗು ಎಂಬುದನ್ನೂ ಡೈರಿಯಲ್ಲಿ ಬರೆದು ಅಡಿಗೆರೆ ಹಾಕಿದೆ. ಪಟ್ಟಿಗಳು ಬಾಗದಂತೆ ಒಣಗಲು ಸಮತಟ್ಟಾದ ಜಾಗ ಬೇಕಿತ್ತು. ನಮ್ಮ ಮನೆಯಲ್ಲಿ ಆರು ದಿನ ಯಾರೂ ಮುಟ್ಟದ ಸಮತಟ್ಟು ಜಾಗ ಒಂದೇ, ಕೋಣೆಯ ಮೂಲೆಯಲ್ಲಿ ಅಡ್ಡ ಮಲಗಿಸಿದ ಜೋಳದ ಚೀಲದ ಮೇಲ್ಭಾಗ. ಅಲ್ಲಿಟ್ಟು ಮೇಲೊಂದು ಹಳೆಯ ಸೀರೆ ಹೊದಿಸಿದೆ.

ಶನಿವಾರ, ಸೆಪ್ಟೆಂಬರ್ 13. ಶಾಲೆಯಲ್ಲಿ 17ನೇ ತಾರೀಖಿನ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆ ಮೈದಾನ ಗುಡಿಸುತ್ತಿದ್ದರು. ಸಿಬ್ಬಂದಿ ಕೋಣೆಯ ಉದ್ದ ಮೇಜಿನ ಮೇಲೆ ಇಪ್ಪತ್ತು ಪಟ್ಟಿಗಳನ್ನು ಸಾಲಾಗಿ ಹಾಸಿದೆವು. ಹುಡುಗಿ ಎಡದಿಂದ ಶುರು ಮಾಡಿದಳು. ಎಡಗೈ ಬೆರಳು ಸಾಲು ಹಿಡಿದರೆ ಬಲಗೈ ಬೆರಳು ಕಾಳು ಮುಟ್ಟುತ್ತಿತ್ತು. ಮುಖ್ಯೋಪಾಧ್ಯಾಯರು ಕುರ್ಚಿ ಎಳೆದುಕೊಂಡು ಕುಳಿತರು. ನಾನು ಡೈರಿ ತೆರೆದುಕೊಂಡು ನಿಂತೆ. ಐವತ್ತೆರಡು ನಿಮಿಷ ತೆಗೆದುಕೊಂಡಳು.

"ಮೂವತ್ತೇಳು," ಎಂದಳು.

ನಾನು ಡೈರಿ ನೋಡಿದೆ. "ಮೂವತ್ನಾಲ್ಕು ಅವ. ಇನ್ನೊಮ್ಮೆ ನೋಡು."

ಇನ್ನೊಮ್ಮೆ ನೋಡಿದಳು. ಮೂವತ್ತೇಳು. ಮೂರನೇ ಸಲ ನೋಡಿದಳು. ಬೆರಳ ತುದಿ ಕೆಂಪಾಗಿತ್ತು. "ಆಪಾ, ಮೂವತ್ತೇಳೇ ಅವ. ಆದ್ರ ಅದ್ರಾಗ ಮೂರು..." ಎನ್ನುವಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು, ಮಕ್ಕಳ ಗದ್ದಲದಲ್ಲಿ ಅವಳ ಮಾತು ಮುಳುಗಿತು. ಮುಖ್ಯೋಪಾಧ್ಯಾಯರು ಎದ್ದರು. ಒರಟು ಮನುಷ್ಯರಲ್ಲ, ಅವಳ ತಲೆ ಮೇಲೆ ಕೈಯಿಟ್ಟೇ ಹೇಳಿದರು: "ಆಯ್ತು ಬಿಡವ್ವ. ಎಣಿಕಿ ತಪ್ಪಾದ್ರ ಮುಂದಿಂದು ಹ್ಯಾಂಗ ಆಗ್ತದ? ಸೋಮವಾರ ಅಬ್ಬಾಗ ಕರಕೊಂಡ್ ಬಾ, ಸಹಿ ಮಾಡ್ಲಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಡೈರಿಯಲ್ಲಿ ಬರೆದೆ: "ಎಣಿಸಿದ್ದು 37. ಸರಿ 34. ತಪ್ಪು: 3." ಹುಡುಗಿ ಭಾಲ್ಕಿ ಬಸ್ಸಿಗೆ ಹೋದಳು, ನಾನು ಬೀದರಿಗೆ ಮರಳಿದೆ.

ಮನೆ ತಲುಪಿದ್ದು 2.35ಕ್ಕೆ. ಪಟ್ಟಿಗಳನ್ನು ಪುನಃ ಚೀಲದ ಮೇಲಿಡಲು ಹೋದಾಗ ಸೀರೆಯ ಮಡಿಕೆಯಲ್ಲಿ ಇಲಿಯ ಹಿಕ್ಕೆ ಕಂಡಿತು. ಅಲ್ಲೇ ನೆಲದ ಮೇಲೆ ಕುಳಿತು ಪಟ್ಟಿಗಳನ್ನು ಒಂದೊಂದಾಗಿ ನೋಡಿದೆ. ಐದನೇ ಪಟ್ಟಿಯಲ್ಲಿ ಒಂದು ಕಡೆ, ಹನ್ನೆರಡನೆಯದರಲ್ಲಿ ಎರಡು ಕಡೆ, ಮೇಲಿನ ಕಾಳು ಇರಲಿಲ್ಲ. ಒಣಗಿದ ಸರಿಯ ಮೇಲೆ ಕಾಳು ಕೂತಿದ್ದ ಕುಳಿ ಇತ್ತು, ಸುತ್ತ ಹಲ್ಲಿನ ಗೀರು. ಎಣಿಸಿದೆ. ಕಾಳು 1,403. ತಗ್ಗು 37.

ಅಮ್ಮ ಬಂದು ನೋಡಿದಳು. "ಮೈದಾ ಸರಿ, ಮ್ಯಾಲ ಜ್ವಾಳ, ಜ್ವಾಳದ ಚೀಲದ ಮ್ಯಾಗೇ ಇಟ್ಟು ಸೀರಿ ಹೊಚ್ಚಿದಿ. ತಾಟ್ ಬಡಿಸಿಟ್ಟು ಉಣ್ಣಬ್ಯಾಡಂದ್ರ ಇಲಿ ಕೇಳ್ತದೇನು?" ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಆಮೇಲೆ ಹೇಳಿದ ಮಾತು ಮಾತ್ರ ಚುಚ್ಚಿತು: "ಪೇಶೆಂಟಿಗಿ ನೋಡ್ದೇ ಚಾರ್ಟ್ ನೋಡ್ಕೋತ ನಿಂತ್ರ ಹಿಂಗೇ ಆಗ್ತದ."

ನಾನು ಮಾಡಿದ್ದು ಅದನ್ನೇ. ಕಣ್ಣಿದ್ದ ನಾನು ಒಂದು ವಾರದ ಹಿಂದಿನ ಬರಹ ನೋಡುತ್ತಿದ್ದೆ. ಅವಳು ಎದುರಿಗಿದ್ದ ವಸ್ತುವನ್ನು ನೋಡುತ್ತಿದ್ದಳು. ಮೂರು ಸಲ ನೋಡಿದ್ದಳು, ಮೂರು ಸಲವೂ ನಿಜ ಹೇಳಿದ್ದಳು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಮುಖ್ಯೋಪಾಧ್ಯಾಯರಿಗೆ ಹೇಳಿದಳು. ಅವರು ನಕ್ಕರಂತೆ, ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ನೋಡೋಣ ಎಂದರಂತೆ. ಆದರೆ ತಿಂದುಳಿದ ಪಟ್ಟಿಗಳಿಂದಲ್ಲ, ಹೊಸದರಿಂದ.

ಭಾನುವಾರ, ಸೆಪ್ಟೆಂಬರ್ 14. ಗೋದಾಮಿನ ಗೆಳತಿಯೊಬ್ಬಳು ನನ್ನ ಪಾಳಿ ತಾನು ಮಾಡುತ್ತೇನೆಂದಳು. ಅವಳು ಕಾರಣ ಕೂಡ ಕೇಳಲಿಲ್ಲ. ಅವಳಿಗೂ ಇಲ್ಲಿ ವಂದನೆ. 8.50ಕ್ಕೆ ಭಾಲ್ಕಿಯಲ್ಲಿ ಇಳಿದು ಟೇಲರ್ ಅಂಗಡಿ ಕೇಳಿಕೊಂಡು ಹೋದೆ. ಹುಡುಗಿ ಒಳಗೆ ಸ್ಟೂಲಿನ ಮೇಲೆ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ನನ್ನ ಹೆಜ್ಜೆ ಗುರುತು ಹಿಡಿದು ಎದ್ದು ನಿಂತಳು.

"ನಿಂದೇ ಬರೋಬರ್ ಇತ್ತು," ಎಂದೆ. "ಮೂವತ್ತೇಳು. ಮೂರು ಕಾಳು ಇಲಿ ತಿಂದದ. ನನ್ನ ತಪ್ಪು."

ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. ಆಮೇಲೆ ತಂದೆಯ ಕಡೆ ತಿರುಗಿ, "ಅಬ್ಬಾ, ಕೇಳಿದ್ರಿಲ್ಲ? ನಾ ನಿನ್ನಿ ರಾತ್ರಿ ಏನ್ ಹೇಳ್ದೆ?" ಎಂದಳು.

ತಂದೆ ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತುತ್ತಿದ್ದರು. "ಹೇಳಿದ್ದಳ್ರಿ. ಮೂವತ್ನಾಲ್ಕಕ್ಕ ಲೆಕ್ಕ ಕೂಡ್ತದ, ಮೂರಕ್ಕ ಕೂಡಲ್ಲ, ಅವು ಮತ್ತ ತಿರುಗಿ ಬರಲ್ಲ ಅಂತ. ನನಗೇನ್ ತಿಳೀತದ? ಕೂಸು ಅಳ್ಲತ್ತಾಳಂತ ತಿಳಕೊಂಡು ಮಲಗಂದೆ."

ಅವಳು ಗಂಟೆ ಹೊಡೆದಾಗ ಹೇಳಲು ಹೊರಟಿದ್ದದ್ದು ಅದೇ. ಗ್ರಹ ತನ್ನ ಹೊತ್ತಿಗೆ ಮರಳಿ ಬರುತ್ತದೆ, ಇಲಿ ಬರುವುದಿಲ್ಲ. ಆರು ಗ್ರಹಗಳು ಮರಳಿ ಬಂದಿದ್ದವು; ಒಂದೇ ಸಲ ಕಂಡ ನಾಲ್ಕು ತಗ್ಗುಗಳಲ್ಲಿ ಒಂದು ಏಳನೆಯ ಗ್ರಹದ್ದಾದರೆ ಉಳಿದ ಮೂರು ಲೆಕ್ಕದ ಹೊರಗೆ. ನಾನು ಹೇಳಿಕೊಡದ ಈ ಪರೀಕ್ಷೆಯನ್ನು ಬೆರಳಲ್ಲೇ ಮಾಡಿ ಮುಗಿಸಿದ್ದಳು.

ಆಮೇಲೆ ಕೇಳಿದಳು, "ಆಪಾ, ಅವರಿಗಿ ಹ್ಯಾಂಗ್ ಗೊತ್ತು? ಮ್ಯಾಲಿನ ದುರ್ಬೀನಿನ್ಯಾಗ ಇಲಿ ಇಲ್ಲಂತ?"

ನನ್ನ ನೋಟ್‌ಬುಕ್ಕಿನ ಅಷ್ಟೂ ಟಿಪ್ಪಣಿಗಳನ್ನು ಬರೆಯುವಾಗ ಒಮ್ಮೆಯೂ ನನಗೆ ಬಾರದ ಪ್ರಶ್ನೆ ಅದು. ಯಂತ್ರಕ್ಕೂ ತನ್ನ ದೋಷಗಳಿರುತ್ತವೆ, ನಕ್ಷತ್ರವೂ ತನ್ನಷ್ಟಕ್ಕೆ ಮಂಕಾಗಬಹುದು, ಅದಕ್ಕೇ ಮತ್ತೆ ಮತ್ತೆ ನೋಡುತ್ತಾರೆ, ಬೇರೆ ದೂರದರ್ಶಕಗಳಿಂದಲೂ ನೋಡುತ್ತಾರೆ ಎಂದೆ. ಏಳನೆಯ ಗ್ರಹ ಆ ಇಪ್ಪತ್ತು ದಿನದಲ್ಲಿ ಒಂದೇ ಸಲ ಕಾಣಿಸಿತ್ತು. ಅದು ಎಷ್ಟು ದಿನಕ್ಕೊಮ್ಮೆ ಸುತ್ತುತ್ತದೆ ಎಂಬುದು ಆಮೇಲೆ ಇನ್ನೊಂದು ದೂರದರ್ಶಕದಿಂದ ಖಚಿತವಾಯಿತು.

"ಅಲ್ಲಿ ತನಕ?"

"ಅಲ್ಲಿ ತನಕ ಗೊತ್ತಿಲ್ಲ ಅಂತ ಬರದ್ರು."

"ಗೊತ್ತಿಲ್ಲ ಅಂತ ಬರೀಬಹುದೇನ್ರಿ ಸೈನ್ಸ್‌ನ್ಯಾಗ?" ಎಂದಳು. ಅವಳ ಮುಖದಲ್ಲಿ ಆಗ ಬಂದ ಖುಷಿಯನ್ನು ನಾನು ಡೈರಿಯಲ್ಲಿ ಬರೆಯಲು ನೋಡಿ ಬಿಟ್ಟುಬಿಟ್ಟೆ.

ಹೊಸ ಪಟ್ಟಿ ಹೇಗೆ ಮಾಡುವುದೆಂಬ ಚಿಂತೆ ನನಗೆ. ಒಂಬತ್ತು ಸಂಜೆಯ ಕೆಲಸಕ್ಕೆ ಉಳಿದಿದ್ದುದು ಒಂದು ದಿನ. ತಂದೆ ಹಳೆಯ ಪಟ್ಟಿಯೊಂದನ್ನು ತಿರುವಿ ನೋಡಿದರು. "ಬೇಟಾ, ಇದು ಮೂರು ಕಾಳು ಅಂದ್ರ ಉದ್ದ, ಎರಡು ಅಂದ್ರ ಗಿಡ್ಡ, ಅಷ್ಟೇ ಹೌದಲ್ಲ? ಕಾಜಾ ಹೊಡದ್ರ ಆಗಲ್ಲೇನು?"

ಕಾಜಾ ಎಂದರೆ ಅಂಗಿಯ ಗುಂಡಿ ತೂರುವ ಸೀಳಿನ ಸುತ್ತ ಒತ್ತಾಗಿ ಹಾಕುವ ಹೊಲಿಗೆ. ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆ ಕತ್ತರಿಸಿಕೊಂಡು, ಸೀಳು ಮಾಡದೆ ಬರೀ ಹೊಲಿಗೆ ಹೊಡೆದು ತೋರಿಸಿದರು. ಬೆರಳಿಗೆ ಸ್ಪಷ್ಟವಾಗಿ ಸಿಗುವ ಉಬ್ಬಿದ ಗೆರೆ ಬಂತು, ಉದ್ದ ಬೇಕಾದರೆ ಉದ್ದ, ಗಿಡ್ಡ ಬೇಕಾದರೆ ಗಿಡ್ಡ. ಹುಡುಗಿ ಮುಟ್ಟಿ, "ಇದು ಜ್ವಾಳಕ್ಕಿಂತ ಚಲೋ ಅದ" ಎಂದಳು. ನಾನು ಡೈರಿ ನೋಡಿ "ಉದ್ದ, ಉದ್ದ, ಗಿಡ್ಡ" ಎಂದು ಹೇಳುತ್ತ ಹೋದೆ, ಅವರು ಹೊಲಿಯುತ್ತ ಹೋದರು. ಹುಡುಗಿಗೆ ಕೇಳಿಸದಿರಲೆಂದು ಅವಳನ್ನು ಮನೆಗೆ ಕಳಿಸಿದ್ದೆವು.

ಹನ್ನೊಂದಕ್ಕೆ ಭಾತಂಬ್ರಾದ ರೈತರೊಬ್ಬರು ತಮ್ಮ ಅಂಗಿ ಒಯ್ಯಲು ಬಂದರು. ಅಂಗಿ ಆಗಿರಲಿಲ್ಲ. ಏನು ನಡೆದಿದೆ ಎಂದು ಕೇಳಿ ತಿಳಿದುಕೊಂಡು ಸೊಂಟದ ಮೇಲೆ ಕೈಯಿಟ್ಟರು. "ಏನ್ ಉಸ್ತಾದ್, ನನ್ನ ಅಂಗಿಗಿ ಕಾಜಾ ಮಾಡದು ಬಿಟ್ಟು ನಕ್ಷತ್ರಕ್ಕ ಕಾಜಾ ಮಾಡ್ಲತ್ತೀರಿ? ನಾಡದು ಬೀಗರ ಮನಿಗಿ ನಾ ಏನ್ ಹಾಕ್ಕೊಂಡು ಹೋಗ್ಲಿ, ಕುಂಭ ರಾಶಿ?"

"ಕೂಡ್ರಿ ಗೌಡ್ರ, ಚಾ ಕುಡೀರಿ. ಗ್ರಹ ಬಲ ಚಲೋ ಆಗ್ತದ," ಎಂದರು ತಂದೆ.

ರೈತರು ಹೋಗಲಿಲ್ಲ. ಚಹಾ ಕುಡಿದು, ನನ್ನ ಪಕ್ಕದಲ್ಲಿ ಕುಳಿತು, ಮುಗಿದ ಪಟ್ಟಿಗಳ ಗೆರೆಗಳನ್ನು ನನ್ನ ಡೈರಿಗೆ ತಾಳೆ ನೋಡಿದರು. ಒಂದು ಕಡೆ ನಾನು ಗೆರೆ ಬಿಟ್ಟದ್ದನ್ನು ಹಿಡಿದವರು ಅವರೇ. ನಾಲ್ಕು ಗಂಟೆಗೆ ಏಳು ಪಟ್ಟಿ ಆಗಿದ್ದವು: ಗೆರೆ 168, ಅದರಲ್ಲಿ ಗಿಡ್ಡ 12. ಇಪ್ಪತ್ತು ಮಾಡಲು ಸಮಯವಿರಲಿಲ್ಲ.

ಹೊರಡುವಾಗ ತಂದೆಯನ್ನು ಕೇಳಿದೆ, "ನಿಮಗೇನ್ ಅನಸ್ತದ್ರಿ? ಆಕಿ ಸೈನ್ಸ್ ತಗೋಬೇಕೋ ಬ್ಯಾಡೋ?"

ಅವರು ಯಂತ್ರಕ್ಕೆ ಬಟ್ಟೆ ಹೊದಿಸಿದರು. "ಫೇಲ್ ಆಗಿ ಮನ್ಯಾಗ ಕೂತ್ರ ಆಕಿ ಮನಸ್ಸು ಮುರೀತದ ಅಂತ ಅಂಜಿಕಿ ನನಗ. ಗುಂಡಿ ಹಚ್ಚಕೋತ ಇದ್ದುಬಿಡ್ತಾಳ. ಆದ್ರ ನಿನ್ನಿ ಅತ್ತಿದ್ದು ಫೇಲ್ ಆಗ್ತೇನಂತ ಅಲ್ಲ. ಖರೇ ಹೇಳಿದ್ದು ಯಾರೂ ನಂಬ್ಲಿಲ್ಲಂತ. ಅದು ನನಗ ಈಗ ತಿಳೀತು."

ಸೋಮವಾರ, ಸೆಪ್ಟೆಂಬರ್ 15. ನನಗೆ ಎರಡನೇ ಪಾಳಿ ಇದ್ದುದರಿಂದ ಬೆಳಿಗ್ಗೆ ಔರಾದಿಗೆ ಹೋಗಿಬರಲು ಸಾಧ್ಯವಾಯಿತು. ಪಟ್ಟಿಗಳನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟೆ. ತಂದೆ ಮಗಳು ಭಾಲ್ಕಿಯಿಂದ ಬರುವವರೆಗೆ ಅವು ಅವರ ಕೋಣೆಯಲ್ಲೇ ಇದ್ದವು. 9.40ಕ್ಕೆ ಹುಡುಗಿ ಕುಳಿತಳು. ಈ ಸಲ ನಾನು ಡೈರಿ ಮುಚ್ಚಿ ಅಕ್ಕನ ಕೈಗೆ ಕೊಟ್ಟುಬಿಟ್ಟೆ.

ಹದಿನೆಂಟು ನಿಮಿಷಕ್ಕೆ ಹೇಳಿದಳು, "ಹದಿಮೂರು, ಸರ್."

ಹನ್ನೆರಡು ಇರಬೇಕಿತ್ತು. ಅಕ್ಕ ಡೈರಿ ತೆರೆಯಲು ಹೋದಳು. ನಾನು ಅವಳ ಕೈ ಹಿಡಿದೆ.

ಮುಖ್ಯೋಪಾಧ್ಯಾಯರು ಮುಂದೆ ಬಾಗಿದರು. "ಹದಿಮೂರು ಗ್ರಹ ಬಂದು ಹೋದವು ಅಂತೀ?"

"ಇಲ್ರಿ. ಹದಿಮೂರು ತಗ್ಗು ಅವ. ಐದು ಒಂದೇ ಗ್ರಹದ್ದು, ಒಂದೂವರಿ ದಿನಕ್ಕೊಮ್ಮೆ ಬಂದಾವ. ಮೂರು ಇನ್ನೊಂದರದ್ದು. ಎರಡು ಮತ್ತೊಂದರದ್ದು. ಉಳದಿದ್ದು ಮೂರು ಒಂದೊಂದೇ ಸಲ ಬಂದಾವ. ಅವು ಗ್ರಹ ಹೌದೋ ಅಲ್ಲೋ ಏಳು ದಿನದ ಮ್ಯಾಲ ಹೇಳ್ಲಾಕ ಬರಲ್ರಿ. ಇನ್ನೂ ನೋಡ್ಬೇಕು." ನಾಲ್ಕನೇ ಪಟ್ಟಿ ಎತ್ತಿಕೊಂಡು ಒಂದು ಗೆರೆಯ ಮೇಲೆ ಬೆರಳಿಟ್ಟಳು. "ಆದ್ರ ಇದು ಒಂದು ಗ್ರಹ ಅಲ್ಲೇ ಅಲ್ರಿ."

"ಯಾಕ?"

"ದಾರದ ತುದಿ ಚುಚ್ತದ. ನಮ್ಮ ಅಬ್ಬಾ ದಾರ ಹಿಂಗ ಬಿಡಲ್ಲ. ಇದಕ್ಕ ಯಾರೋ ಬ್ಲೇಡ್ ಹಾಕ್ಯಾರ." ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಪಟ್ಟಿ ಇದ್ದಿದ್ದು ನಿಮ್ಮ ಕೋಣ್ಯಾಗ, ಸರ್," ಎಂದಳು.

ಬಾಗಿಲ ಬಳಿ ನಿಂತಿದ್ದ ತಂದೆ ಉಸಿರು ಬಿಟ್ಟದ್ದು ಕೇಳಿಸಿತು. ಮುಖ್ಯೋಪಾಧ್ಯಾಯರು ಜೇಬಿನಿಂದ ಅರ್ಧ ಬ್ಲೇಡು ತೆಗೆದು ಮೇಜಿನ ಮೇಲಿಟ್ಟರು. ಮುಖದಲ್ಲಿ ನಾಚಿಕೆಯೂ ಇತ್ತು, ನಗುವೂ ಇತ್ತು. "ಮೊನ್ನಿ ಮನಿ ಇಲಿ, ಇವತ್ತು ಸಾಲಿ ಇಲಿ. ಎರಡೂ ಹಿಡದಾಳ. ಮೇಡಮ್, ಆ ಫಾರ್ಮ್ ಕೊಡ್ರಿ."

ವಿಷಯದ ಅಂಕಣದಲ್ಲಿ ವಿಜ್ಞಾನ ಎಂದು ಅವರೇ ಬರೆದರು. ತಂದೆ ಸಹಿ ಮಾಡಿದರು. ಹುಡುಗಿ ಎಲ್ಲಿ ಬರೆದಿದ್ದಾರೆಂದು ಕೇಳಿ ಆ ಜಾಗದ ಮೇಲೆ ಬೆರಳಾಡಿಸಿದಳು. ಒತ್ತಿ ಬರೆದಿದ್ದರಿಂದ ಕಾಗದದ ಮೇಲೆ ಒಂದಿಷ್ಟು ತಗ್ಗು ಮೂಡಿತ್ತು. ಸಮಯ 10.12. ಅಂದು ಕೊಳಾರಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿದೆ.

ಅದಾಗಿ ಇಂದಿಗೆ ಐವತ್ತೈದು ದಿನ. ಮಧ್ಯಾವಧಿ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಪಾಸಾಗಿದ್ದಾಳೆ, ಹೇಳಿಕೊಳ್ಳುವಂಥ ಅಂಕಗಳಲ್ಲ. ಈಗ ಬೆಳಕಿನ ಪಾಠ ನಡೆದಿದೆ. ದರ್ಪಣ, ಮಸೂರಗಳ ಚಿತ್ರಗಳನ್ನು ತಂದೆ ಶುಕ್ರವಾರ ಸಂಜೆ ಹೊಲಿದು ಕೊಡುತ್ತಾರೆ; ಇಲ್ಲಿಯವರೆಗೆ ಒಂಬತ್ತಾಗಿವೆ. ಬಾಗಿದ ದರ್ಪಣದ ನಾಭಿ, ಅಂದರೆ ಕಿರಣಗಳು ಬಂದು ಕೂಡುವ ಜಾಗ, ಎಲ್ಲಿದೆ ಎಂಬುದನ್ನು ಅವಳು ಬಿಸಿಲಲ್ಲಿ ಬೆರಳು ಆಡಿಸಿ ಬಿಸಿಯಿಂದ ಕಂಡುಹಿಡಿದಳು; ಉಳಿದ ಮಕ್ಕಳು ಕಾಗದ ಹಿಡಿದು ಹುಡುಕುತ್ತಿದ್ದಾಗ ಮೊದಲು ಹೇಳಿದವಳು ಅವಳೇ ಎಂದು ಅಕ್ಕ ಹೇಳಿದಳು. ನಾನು ಗೋದಾಮಿನಲ್ಲಿ ಈಗ ಪಟ್ಟಿಯ ಹಳೆಯ ಅಂಕಿ ನೋಡದೆ ಪೆಟ್ಟಿಗೆ ಅಳೆಯುತ್ತೇನೆ, ಆಮೇಲೆ ತಾಳೆ ನೋಡುತ್ತೇನೆ. ಅಕ್ಟೋಬರಿನಲ್ಲಿ ಎರಡು ವ್ಯತ್ಯಾಸ ಸಿಕ್ಕವು.

ಆಗದೆ ಉಳಿದಿರುವುದು ಎರಡು. ಒಂದು, ರಸಾಯನಶಾಸ್ತ್ರದ ಪ್ರಯೋಗಗಳಲ್ಲಿ ದ್ರಾವಣದ ಬಣ್ಣ ಬದಲಾಗುವುದನ್ನು ಅವಳಿಗೆ ತಿಳಿಸುವುದು ಹೇಗೆ? ಲಿಟ್ಮಸ್ ಬದಲು ಈರುಳ್ಳಿಯ ವಾಸನೆಯಿಂದ ಆಮ್ಲ, ಪ್ರತ್ಯಾಮ್ಲ ಗುರುತಿಸುವುದು ಪಾಠದಲ್ಲೇ ಇದೆ, ಅದನ್ನು ಮಾಡಿದ್ದೇವೆ. ಉಳಿದವಕ್ಕೆ ಅಕ್ಕನಿಗೂ ಅವಳಿಗೂ ನನಗೂ ಉಪಾಯ ಹೊಳೆದಿಲ್ಲ. ಇನ್ನೊಂದು, ಆ ಕೆಂಪು ನಕ್ಷತ್ರದ ಅಸಲು ಅಂಕಿಗಳನ್ನು, ನನ್ನಂಥವರು ಕೂಡಿಸಿದ ಮಾದರಿಯನ್ನಲ್ಲ, ಬೆರಳಿಗೋ ಕಿವಿಗೋ ಸಿಗುವಂತೆ ಮಾಡುವುದು ಹೇಗೆ? ಮಾದರಿ ಸಾಕಾಯಿತು, ಇಲಿ ಇದ್ದರೂ ಇರಲಿ, ನಿಜವಾದದ್ದೇ ಬೇಕು ಎನ್ನುತ್ತಿದ್ದಾಳೆ. ಕಣ್ಣು ಕಾಣದ ಮಕ್ಕಳಿಗೆ ವಿಜ್ಞಾನ ಕಲಿಸಿದವರು, ಅಥವಾ ಹಾಗೆ ಕಲಿತವರು ಇದನ್ನು ಓದುತ್ತಿದ್ದರೆ, ನಿಮಗೆ ತಿಳಿದದ್ದನ್ನು ದಯವಿಟ್ಟು ಬರೆದು ಕಳಿಸಿ. ಅರ್ಧಂಬರ್ಧ ಗೊತ್ತಿದ್ದರೂ ಆದೀತು. ಎಷ್ಟು ಗೊತ್ತಿಲ್ಲ ಎಂಬುದನ್ನೂ ಬರೆಯಿರಿ, ಅವಳು ಅದನ್ನೇ ಮೊದಲು ಕೇಳುತ್ತಾಳೆ.